ತಗಡು ಬಾರಿಸುತ್ತಿದ್ದವಳ ಥ್ಯಾಂಕ್ಸ್

ಕಳೆದ ಶನಿವಾರ ನಮ್ಮ ಯೂನಿವರ್ಸಿಟಿ ಸ್ಕ್ವಾಷ್ ಟೀಮ್ 4-1ರಿಂದ ಸೋತಿತು. ಆ ಒಂದು ಇದೆಯಲ್ಲ, ಅದು ನನ್ನದು.

ಸೋತ ಟೀಮಿನವಳು ಥ್ಯಾಂಕ್ಸ್ ಬರೆಯಲು ಕೂತಿದ್ದಾಳೆ ಎಂದು ನಗಬೇಡಿ. ಸ್ಕ್ವಾಷ್ ಎಂದರೆ ಗೋಡೆಗೆ ರಾಕೆಟ್‌ನಿಂದ ಬಾಲ್ ಹೊಡೆಯುವ ಆಟ. 2023ರಲ್ಲಿ ಕ್ಲಬ್ಬಿಗೆ ಸೇರಿದಾಗ ಬಾಲನ್ನು ಎದುರು ಗೋಡೆಗೆ ಮುಟ್ಟಿಸುವುದೇ ನನ್ನ ಪಾಲಿಗೆ ಸಾಹಸವಾಗಿತ್ತು. ಬರೆಯಬೇಕಾದ ಹೆಸರುಗಳು ಬಹಳ ಇವೆ. ಆದರೆ "ಹೆಸರು ಹಾಕಿದ್ರೆ ನೋಡ್ಕೋ" ಎಂದು ಮೊದಲೇ ಎಚ್ಚರಿಕೆ ಬಂದಿದೆ. ಹಾಗಾಗಿ ಹೆಸರಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲ ದಿನ ಕೋರ್ಟಿನ ಬಾಗಿಲಲ್ಲೇ ನನ್ನನ್ನು ತಡೆದರು. "ಶೂ ತಿರುಗಿಸಿ ತೋರಿಸು." ತೋರಿಸಿದೆ. ಕಪ್ಪು ಸೋಲ್, ರಸ್ತೆಯಲ್ಲಿ ಓಡುವ ಶೂ. ಅದನ್ನು ಹಾಕಿಕೊಂಡು ಒಳಗೆ ಹೋದರೆ ಮರದ ನೆಲದ ಮೇಲೆಲ್ಲ ಗೀಟು ಬೀಳುತ್ತದಂತೆ. ಸರಿ, ವಾಪಸ್ ಹೋಗೋಣ ಎಂದು ತಿರುಗಿದರೆ ಸೀನಿಯರ್ ಅಕ್ಕ ಒಬ್ಬರು ಬೆಂಚಿನ ಕೆಳಗಿಂದ ಒಂದು ಡಬ್ಬ ಎಳೆದರು. ಹಳೇ ವಿದ್ಯಾರ್ಥಿಗಳು ಬಿಟ್ಟುಹೋದ ಶೂಗಳು. ನನಗೆ ಸಿಕ್ಕಿದ್ದು ಎರಡು ಸೈಜ್ ದೊಡ್ಡದು. ಎರಡು ಜೊತೆ ಸಾಕ್ಸ್ ಹಾಕಿಕೊಂಡು ಆಡಿದೆ. ಆಡಿದೆ ಅನ್ನೋದು ಸುಮ್ನೆ ಮಾತಿಗೆ.

ಬಾಲ್ ವಿಷಯದಲ್ಲೂ ಅದೇ ಕಥೆ. ಒಳ್ಳೇದಿರಲಿ ಎಂದು ಎರಡು ಹಳದಿ ಚುಕ್ಕೆಯ ಬಾಲ್ ಕೊಂಡಿದ್ದೆ, ದೊಡ್ಡ ಆಟಗಾರರು ಆಡುವಂಥದ್ದು. ಅದನ್ನು ಜೋರಾಗಿ ಹೊಡೆದು ಹೊಡೆದು ಬಿಸಿ ಮಾಡಿದರೆ ಮಾತ್ರ ಪುಟಿಯುತ್ತದೆ. ನನ್ನ ಕೈಯಲ್ಲಿ ಅದು ಮಣ್ಣಿನ ಉಂಡೆಯ ಹಾಗೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಅಕ್ಕ ಅದನ್ನು ತಮ್ಮ ಜೇಬಿಗೆ ಹಾಕಿಕೊಂಡರು. ತಣ್ಣಗಿದ್ದರೂ ಪುಟಿಯುವ, ಸ್ವಲ್ಪ ದೊಡ್ಡದಾದ ನೀಲಿ ಬಾಲನ್ನು ಕೈಗಿಟ್ಟರು. "ಅದನ್ನ ಬಿಸಿ ಮಾಡೋಕೆ ಬಂದಾಗ ವಾಪಸ್ ಕೊಡ್ತೀನಿ" ಎಂದರು. ಎಂಟು ತಿಂಗಳು ಕೊಡಲಿಲ್ಲ.

ಎದುರು ಗೋಡೆಯ ಬುಡದಲ್ಲಿ 48 ಸೆಂಟಿಮೀಟರ್ ಎತ್ತರಕ್ಕೆ ಒಂದು ತಗಡು ಇರುತ್ತದೆ. ಇಂಗ್ಲಿಷಿನಲ್ಲಿ ಟಿನ್. ಬಾಲ್ ಅದಕ್ಕೆ ಬಡಿದರೆ ಪಾಯಿಂಟ್ ಹೋಯಿತು. ಅದರ ಜೊತೆಗೆ ಢಣ್ ಎಂದು ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ. ಮೊದಲ ಸೆಮಿಸ್ಟರ್ ಪೂರ್ತಿ ನಾನು ಆ ತಗಡನ್ನು ಎಷ್ಟು ಬಾರಿಸಿದೆ ಎಂದರೆ, ಹೊರಗೆ ಕೂತವರು ನೋಡದೆಯೇ "ಬಂದ್ಲು" ಎನ್ನುತ್ತಿದ್ದರು. ಕೊನೆಗೆ ನನ್ನ ಹೆಸರೇ ತಗಡು ಎಂದಾಯಿತು. ಆ ಪದಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥ ಇದೆ, ಅಲ್ವಾ? ಎರಡೂ ಅರ್ಥದಲ್ಲಿ ಸರಿಯಾಗಿಯೇ ಇತ್ತು.

ಥ್ಯಾಂಕ್ಸ್ ಹೇಳಬೇಕಾದ ಅಸಲಿ ವಿಷಯ ಇದು. ಕ್ರಿಕೆಟ್ ಆದರೆ ಆಡಲು ಬಾರದವರನ್ನು ಬೌಂಡರಿ ಹತ್ತಿರ ನಿಲ್ಲಿಸಿ ಮರೆತುಬಿಡಬಹುದು. ಸ್ಕ್ವಾಷ್‌ನಲ್ಲಿ ಆ ಅನುಕೂಲ ಇಲ್ಲ. ಕೋರ್ಟಿನೊಳಗೆ ಇಬ್ಬರೇ. ನಮಗಿರುವುದು ಎರಡು ಕೋರ್ಟ್, ಒಬ್ಬೊಬ್ಬರಿಗೆ ಸಿಗುವುದು 40 ನಿಮಿಷ. ಹೊಸಬರ ಜೊತೆ ಒಳಗೆ ಹೋದರೆ ಆ 40 ನಿಮಿಷ ಹೋಯಿತು ಎಂದೇ ಲೆಕ್ಕ. ಬೆವರೂ ಬರುವುದಿಲ್ಲ. ಅಂಥ ಬುಧವಾರಗಳನ್ನು ಅಕ್ಕ ನನಗೆ ಒಂದು ವರ್ಷ ಕೊಟ್ಟರು. ಅವರಿಗೂ ಟೀಮ್ ಸೆಲೆಕ್ಷನ್ ಇತ್ತು, ಪರೀಕ್ಷೆ ಇತ್ತು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ನಾನೇ ಹೊಸಬರ ಜೊತೆ ಒಳಗೆ ಹೋಗಿ, ಪದೇ ಪದೇ ಗೋಡೆ ಗಡಿಯಾರ ನೋಡಿದ ದಿನ.

ಅಕ್ಕನ ಮೊಣಕೈಗೆ ಕ್ಷಮೆಯನ್ನೂ ಇಲ್ಲೇ ಕೇಳಿಬಿಡುತ್ತೇನೆ. ಎದುರಿನವರು ಅಡ್ಡ ಬಂದರೆ ಹೊಡೆಯದೆ ನಿಂತು 'ಲೆಟ್' ಕೇಳಬೇಕು, ಆ ರ‍್ಯಾಲಿ ಮತ್ತೆ ಆಡಬಹುದು. ಹೇಳಿಕೊಟ್ಟಿದ್ದರು. ನಾನು ಬಾಲ್ ಒಂದನ್ನೇ ನೋಡುತ್ತಾ ರಾಕೆಟ್ ಬೀಸಿದೆ. ಟಕ್ ಎಂದಿದ್ದು ಬಾಲ್ ಅಲ್ಲ. ಅಕ್ಕ ಗೋಡೆಗೆ ಒರಗಿ ಕೂತರು, ಮೊಣಕೈ ನೋಡನೋಡುತ್ತಲೇ ಊದಿಕೊಂಡಿತು. ನನಗೆ ಮಾತೇ ಹೊರಡಲಿಲ್ಲ. ಇನ್ನು ಈ ಕಡೆ ತಲೆ ಹಾಕಬಾರದು ಎಂದುಕೊಂಡು ಹಾಸ್ಟೆಲ್‌ಗೆ ಹೋದೆ. ಮುಂದಿನ ಬುಧವಾರ ಅವರೇ ಬಂದು ರೂಮಿನ ಬಾಗಿಲು ತಟ್ಟಿದರು. ಕೈಯಲ್ಲಿ ಆಡುವಾಗ ಹಾಕುವ ಕನ್ನಡಕ. "ಬಾಲ್ ನಾಲ್ಕೇ ಸೆಂಟಿಮೀಟರ್, ಕಣ್ಣಿನ ಗುಳಿಯೊಳಗೆ ಸರಿಯಾಗಿ ಕೂರುತ್ತೆ. ಹಾಕ್ಕೋ, ನಡಿ." ಹೊಡೆದವಳು ನಾನು, ಕನ್ನಡಕ ಸಿಕ್ಕಿದ್ದೂ ನನಗೇ.

ಕೋಚ್ ಸರ್‌ಗೆ ಥ್ಯಾಂಕ್ಸ್. ಬಾಲೇ ಇಲ್ಲದೆ ಖಾಲಿ ಕೋರ್ಟಿನಲ್ಲಿ ಮೂಲೆಯಿಂದ ಮೂಲೆಗೆ ಓಡಿಸಿ, ಗಾಳಿಗೆ ರಾಕೆಟ್ ಬೀಸಿಸಿ, ಪ್ರತಿ ಸಲ ನೆಲದ ಗೆರೆಗಳು ಸೇರುವ ನಡುವಿನ 'ಟಿ'ಗೆ ವಾಪಸ್ ಕರೆದಿದ್ದಕ್ಕೆ. ಅದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ. ಗಾಜಿನ ಹೊರಗಿನಿಂದ ನೋಡಿದವರಿಗೆ ಮೈಮೇಲೆ ದೆವ್ವ ಬಂದ ಹಾಗೇ ಕಂಡಿರಬೇಕು. ಸೋತವರೇ ಮುಂದಿನ ಮ್ಯಾಚಿಗೆ ಮಾರ್ಕಿಂಗ್ ಮಾಡಬೇಕು ಎಂಬ ನಿಯಮ ಮಾಡಿದವರಿಗೂ ಥ್ಯಾಂಕ್ಸ್. ನಾನು ಯಾವಾಗಲೂ ಸೋಲುತ್ತಿದ್ದರಿಂದ ಯಾವಾಗಲೂ ಸ್ಕೋರ್ ಕೂಗುತ್ತಿದ್ದೆ. ಆಟ ಅರ್ಥವಾಗಿದ್ದು ಅಲ್ಲಿ ಕೂತು. ನಾನು ಸೇರಿದ ವರ್ಷದ ಅಕ್ಟೋಬರ್‌ನಲ್ಲೇ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಮೊದಲ ಸಲ ಸೇರಿತು. ಇಡೀ ಕ್ಲಬ್ ಕುಣಿಯುತ್ತಿದ್ದರೆ ನಾನು ಮಾತ್ರ "ಮುಂಚೆ ಇರ್ಲಿಲ್ವಾ?" ಎಂದು ಕೇಳಿದ್ದೆ. ಅವತ್ತು ನನ್ನನ್ನು ಹೊರಗೆ ಹಾಕದಿದ್ದಕ್ಕೆ ಎಲ್ಲರಿಗೂ ಒಟ್ಟಿಗೆ ಒಂದು ಥ್ಯಾಂಕ್ಸ್.

ಇನ್ನು ಶನಿವಾರ. ಐದು ಜನರ ಟೀಮಿನಲ್ಲಿ ನಾನು ಐದನೆಯವಳು, ನನ್ನ ಆಟ ಕೊನೆಯದು. ಅಷ್ಟರಲ್ಲಿ ನಮ್ಮವರು ನಾಲ್ಕೂ ಮ್ಯಾಚ್ ಸೋತಾಗಿತ್ತು. ನಾನು ಗೆದ್ದರೂ ಬಿಟ್ಟರೂ ಏನೂ ಬದಲಾಗುತ್ತಿರಲಿಲ್ಲ. ಎಲ್ಲರೂ ಬ್ಯಾಗ್ ಕಟ್ಟಿ ಹೊರಡಬಹುದಿತ್ತು. ತಿರುಗಿ ನೋಡಿದರೆ ನಾಲ್ಕೂ ಜನ ಗಾಜಿಗೆ ಮೂಗು ಒತ್ತಿ ನಿಂತಿದ್ದಾರೆ, ಒದ್ದೆ ಟೀ ಶರ್ಟಿನಲ್ಲೇ. ಗೇಮ್ 2-2 ಆಯಿತು. ಬಿಡುವಿನಲ್ಲಿ ಅಕ್ಕ ನೀರು ಕೊಟ್ಟು ಹೇಳಿದ್ದು ಒಂದೇ ಮಾತು: "ಜಾಣತನ ಬೇಡ. ಸುಮ್ನೆ ಹಿಂದಕ್ಕೆ ಹೊಡೀತಾ ಇರು." ಐದನೇ ಗೇಮ್ 10-10. ಎರಡು ಪಾಯಿಂಟ್ ಮುಂದಿರಬೇಕು. ಹಿಂದಕ್ಕೆ ಹೊಡೆದೆ, ಮತ್ತೆ ಹಿಂದಕ್ಕೆ. 11-10. ಆಮೇಲಿನ ರ‍್ಯಾಲಿ ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ, ಕೊನೆಗೆ ಢಣ್ ಅಂತು. ಅಭ್ಯಾಸಬಲ, ನಾನೇ ಹೊಡೆದೆ ಎಂದು ತಲೆ ತಗ್ಗಿಸಿಬಿಟ್ಟೆ. ಗಾಜು ಬಡಿಯುವ ಸದ್ದು ಕೇಳಿದ ಮೇಲೆ ಗೊತ್ತಾಯಿತು, ಈ ಸಲ ತಗಡು ಬಾರಿಸಿದ್ದು ಎದುರಿನವಳು.

ನನ್ನ ಹಳೇ ಶೂ ತೊಳೆದು ಬೆಂಚಿನ ಕೆಳಗಿನ ಡಬ್ಬದಲ್ಲಿ ಇಟ್ಟಿದ್ದೇನೆ. ಸೋಲ್ ಬಿಳಿಯದು, ಸೈಜ್ ಆರು. ಬೇಕಾದವರು ತಗೊಳ್ಳಿ.

ಅಕ್ಕಾ, ಕ್ಲಬ್ಬಿನ ಲ್ಯಾಡರ್ ಬೋರ್ಡಿನಲ್ಲಿ, ಅಂದರೆ ಆಟಗಾರರ ರ‍್ಯಾಂಕ್ ಪಟ್ಟಿಯಲ್ಲಿ, ಈಗ ನನ್ನ ಹೆಸರಿನ ಮೇಲಿರುವುದು ನಿಮ್ಮದು. ಚಾಲೆಂಜ್ ಬರೆದುಬಿಟ್ಟಿದ್ದೇನೆ. ಬುಧವಾರ, ನಮ್ಮ ಮಾಮೂಲಿ ಹೊತ್ತಿಗೆ. ಮೊಣಕೈ ಜೋಪಾನ.