ಪೊರೆ ಹೋದರೂ ಸಿಲಿಂಡರ್ ಉಳಿದರೆ?

ಮಾನ್ಯರೇ,

ಉಚಿತ ಕಣ್ಣಿನ ಪೊರೆ ಶಸ್ತ್ರಚಿಕಿತ್ಸಾ ಶಿಬಿರದ ಸುದ್ದಿಯಲ್ಲಿ ಎಷ್ಟು ಮಂದಿಗೆ ಲೆನ್ಸ್ ಅಳವಡಿಸಲಾಯಿತು ಎಂಬ ಲೆಕ್ಕ ತಪ್ಪದೇ ಇರುತ್ತದೆ. ಅವರಲ್ಲಿ ಎಷ್ಟು ಮಂದಿಗೆ ದೂರದ ಅಕ್ಷರ ಓದಲು ಬಂತು ಎಂಬುದನ್ನು ಯಾರೂ ಕೇಳುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿ, ಕಣ್ಣಿನ ಮುಂಭಾಗದ ಬಾಗು ಅಳೆಯುವ ಕೆರಟೋಮೀಟರ್ ಮುಂದೆ ಕುಳಿತೇ ಸೇವೆ ಮುಗಿಸಿದವನು ನಾನು. ಅದಕ್ಕೇ ಈ ಪತ್ರ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ಅದು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿದ್ದರೆ ಅಸ್ಟಿಗ್ಮ್ಯಾಟಿಸಂ ಉಂಟಾಗುತ್ತದೆ. ಕನ್ನಡಕದ ಅಂಗಡಿಯವರು ‘ಸಿಲಿಂಡರ್ ಪವರ್’ ಎನ್ನುವುದು ಇದಕ್ಕೇ. ಪೊರೆ ಶಸ್ತ್ರಚಿಕಿತ್ಸೆಗೆ ಕಾದಿರುವ ಹತ್ತು ಜನರಲ್ಲಿ ಸುಮಾರು ಮೂರು ನಾಲ್ಕು ಮಂದಿಗೆ ಇದು ಒಂದು ಡಯಾಪ್ಟರ್ (ಪವರ್ ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಪೊರೆ ಇರುವ ತನಕ ಎಲ್ಲವೂ ಮಂಜಾಗಿರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಸಾಮಾನ್ಯ ಲೆನ್ಸ್ ಪೊರೆಯ ಜಾಗ ತುಂಬುತ್ತದೆಯೇ ಹೊರತು ಕಾರ್ನಿಯಾದ ಡೊಂಕನ್ನು ತಿದ್ದುವುದಿಲ್ಲ.

ಈಚೆಗೆ ನಮ್ಮ ಬೀದಿಯ ಟೈಲರ್ ಒಬ್ಬರು ‘ಆಪರೇಷನ್ ಕೆಟ್ಟಿದೆ ಸರ್, ಅಕ್ಷರಕ್ಕೆಲ್ಲ ನೆರಳು ಅಂಟಿಕೊಂಡಿದೆ’ ಎನ್ನುತ್ತಾ ಬಂದರು. ಅವರ ಕಾರ್ಡಿನಲ್ಲಿ ಲೆನ್ಸಿನ ಪವರ್ ಇತ್ತು, ಕಾರ್ನಿಯಾದ ಅಳತೆಯ ಜಾಗ ಖಾಲಿ. ಲೆನ್ಸ್ ಬದಲಿಸಿ ಪರೀಕ್ಷಿಸುವ ಹಳೆಯ ಟ್ರಯಲ್ ಫ್ರೇಮಿಗೆ ಮೈನಸ್ ಒಂದೂವರೆ ಸಿಲಿಂಡರ್ ಹಾಕಿ ಮೆಲ್ಲಗೆ ತಿರುಗಿಸುತ್ತಾ ಹೋದೆ. 90 ಡಿಗ್ರಿ ಸಮೀಪಿಸಿದಾಗ ಕೆಳಗಿನಿಂದ ಎರಡನೆಯ ಸಾಲನ್ನು ತಡವರಿಸದೆ ಓದಿದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು!

ಇದನ್ನು ಒಳಗಿನಿಂದಲೇ ತಿದ್ದುವ ಟೋರಿಕ್ ಲೆನ್ಸ್ ಇದೆ. ದುಬಾರಿ, ಮೇಲಾಗಿ ಕಣ್ಣಿನೊಳಗೆ 30 ಡಿಗ್ರಿ ತಿರುಗಿ ಕುಳಿತರೆ ಸಿಲಿಂಡರ್ ಸ್ವಲ್ಪವೂ ಇಳಿಯುವುದಿಲ್ಲ. ಪ್ರತಿ ಶಿಬಿರದಲ್ಲೂ ಅದನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ಕೆರಟೋಮೀಟರ್ ತೋರಿಸಿದ ಎರಡೂ ದಿಕ್ಕಿನ ಅಳತೆಗಳನ್ನು, ಅವುಗಳ ಡಿಗ್ರಿಯ ಸಮೇತ, ರೋಗಿಯ ಕಾರ್ಡಿನಲ್ಲಿ ಬರೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ಮನೆಯವರಿಗೆ ಮೊದಲೇ ತಿಳಿಸಿರಿ. ವಯಸ್ಸಾದವರಲ್ಲಿ ಅಡ್ಡದಿಕ್ಕಿನ ಬಾಗು ಹೆಚ್ಚಿರುವುದೇ ಸಾಮಾನ್ಯ. ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆಯ ಸುಮಾರು 6 ಮಿ.ಮೀ. ಗಾಯವನ್ನು ಅಂಥವರಿಗೆ ಮೇಲ್ಭಾಗದಲ್ಲಿ ಮಾಡಿದರೆ ದೋಷ ಇನ್ನಷ್ಟು ಏರುತ್ತದೆ, ಕಿವಿಯ ಕಡೆಯಿಂದ ಮಾಡಿದರೆ ಇಳಿಯುತ್ತದೆ. ವೈದ್ಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಂದೇ ದಿನ ಸಾಲುಗಟ್ಟಿ ಮಲಗಿಸಿದಾಗ ಅಳತೆಯ ಚೀಟಿ ನೋಡಲು ಅವರಿಗೆ ಪುರುಸೊತ್ತಾದರೂ ಬೇಕಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳು ಒಂದೂವರೆ ತಿಂಗಳ ನಂತರ ಮತ್ತೆ ಕರೆಸಿ ಪವರ್ ಪರೀಕ್ಷಿಸಿ. ಪೆಟ್ಟಿಗೆಯಿಂದ ಎತ್ತಿ ಹಂಚುವ ಸಿದ್ಧ ಕನ್ನಡಕಗಳಲ್ಲಿ ಸಿಲಿಂಡರ್ ಇರುವುದಿಲ್ಲ. ಅಗತ್ಯವಿದ್ದವರಿಗೆ ಅಳತೆಗೆ ತಕ್ಕಂತೆ ಮಾಡಿಸಿ ಕೊಡಿ. ಶಿಬಿರ ನಡೆಸುವ ಸಂಘ ಸಂಸ್ಥೆಗಳು ಆ ಮರುತಪಾಸಣೆಯ ದಿನಾಂಕವನ್ನೂ ಸ್ಥಳವನ್ನೂ ಮೊದಲ ಕರಪತ್ರದಲ್ಲಿಯೇ ಅಚ್ಚು ಹಾಕಿಸಲಿ.

– ನಿವೃತ್ತ ನೇತ್ರಾಧಿಕಾರಿ, ಹಾನಗಲ್