ಕಾನೂನು ಕೆರೆದಂಡೆಗೇ ನಿಂತರೆ ಹೇಗೆ?

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದಾಗ ಪಟ್ಟೆತಲೆ ಹೆಬ್ಬಾತುಗಳ ಫೋಟೊಗಳನ್ನು ನೋಡಿ ನಮಗೂ ಹೆಮ್ಮೆಯಾಯಿತು. ಆದರೆ ಹಗಲೆಲ್ಲ ನೀರಿನಲ್ಲಿರುವ ಈ ಅತಿಥಿಗಳು ರಾತ್ರಿ ಊಟಕ್ಕೆ ಇಳಿಯುವುದು ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ. ಅದರಲ್ಲಿ ನನ್ನ ಎರಡೂವರೆ ಎಕರೆ ಎರೆಹೊಲವೂ ಒಂದು. ಹಿಮಾಲಯ ದಾಟಿ ಬಂದವಕ್ಕೆ ಹಸಿವಿರದೆ ಇದ್ದೀತೆ?

ಕೆರೆಯ ವಿಸ್ತೀರ್ಣ ಸುಮಾರು 54 ಹೆಕ್ಟೇರ್. ಅದು ‘ಸಂರಕ್ಷಣಾ ಮೀಸಲು’. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಡಿ ಹೀಗೆ ಘೋಷಿಸಲು ಬರುವುದು ಸರ್ಕಾರಿ ಜಾಗವನ್ನು ಮಾತ್ರ, ಅದೂ ಸ್ಥಳೀಯರ ಜೊತೆ ಸಮಾಲೋಚಿಸಿದ ಮೇಲೆ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಕೃಷಿ ಇಲಾಖೆಗೂ ಕುರ್ಚಿಯಿದೆ. ಆದರೆ ಆ ಸಮಿತಿ ಸಲಹೆ ಕೊಡಬಹುದು, ಅಷ್ಟೆ. ಹೊಲದಲ್ಲಿ ಹಕ್ಕಿಯನ್ನು ಕೊಂದರೆ ಅಪರಾಧ ನಿಜ, ಹಾಗಾಗಲೂಬಾರದು. ಮೇಯ್ದುಹೋದ ಬೆಳೆಯ ಮಾತು ಮಾತ್ರ ಈ ಕಲಮಿನಲ್ಲಿ ಇಲ್ಲ.

ಹಾಗಾದರೆ ಹೊಲಗಳನ್ನೂ ಸೇರಿಸಿ 36ಸಿ ಅಡಿ ‘ಸಮುದಾಯ ಮೀಸಲು’ ಮಾಡಿ ಎಂದು ಪೇಟೆಯ ಪಕ್ಷಿಪ್ರಿಯ ಗೆಳೆಯರು ಹೇಳುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಹಾಗೆಯೇ ಆಯಿತಲ್ಲ ಎನ್ನುತ್ತಾರೆ. ಅವರು ಆ ಕಲಮನ್ನು ಕೊನೆಯವರೆಗೂ ಓದಬೇಕು. ಒಮ್ಮೆ ಘೋಷಣೆಯಾದರೆ ಭೂಬಳಕೆ ಬದಲಿಸಲು ಸಮಿತಿಯ ಠರಾವು ಬೇಕು, ಅದರ ಮೇಲೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ನಾಳೆ ಮಗ ಹೊಲದ ಮೂಲೆಯಲ್ಲಿ ಮನೆ ಕಟ್ಟಬೇಕೆಂದರೆ ಬೆಂಗಳೂರಿಗೆ ಅರ್ಜಿ! ತಾವಾಗಿಯೇ ಮುಂದೆ ಬಂದು ಒಪ್ಪಿಗೆ ಬರೆದುಕೊಟ್ಟವರ ಜಮೀನಿಗೆ ಮಾತ್ರ ಈ ಕಲಮು ಅನ್ವಯ, ಬಲವಂತವಿಲ್ಲ. ನಾನಂತೂ ಬರೆದುಕೊಡಲಾರೆ. ಬಾತುಗಳ ಮೇಲಿನ ಸಿಟ್ಟಿಗಲ್ಲ, ಅವು ನವೆಂಬರಿನಲ್ಲಿ ಬರದಿದ್ದರೆ ಹಿಂಗಾರೇ ಬಿಕೋ ಎನ್ನುತ್ತದೆ.

ಕೊಕ್ಕರೆಬೆಳ್ಳೂರಿನಿಂದ ನಾವು ತರಬೇಕಾದದ್ದು ಬೇರೆ ಇದೆ. ಹಕ್ಕಿಗಳು ಗೂಡು ಕಟ್ಟುವ ಹುಣಸೆ ಮರಗಳ ಮಾಲೀಕರಿಗೆ ಅಲ್ಲಿ ಅರಣ್ಯ ಇಲಾಖೆ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಮರದ ಬದಲು ಇಲ್ಲಿ ಎಕರೆ ಲೆಕ್ಕ ಹಿಡಿಯಲಿ. ಹಕ್ಕಿ ಮೇಯುವ ಹೊಲಗಳ ಸರ್ವೆ ನಂಬರ್ ಪಟ್ಟಿಯನ್ನು ಪಂಚಾಯಿತಿ ಮಾಡಲಿ, ಒಪ್ಪಂದ ಒಂದು ಹಿಂಗಾರು ಹಂಗಾಮಿಗೆ ಮಾತ್ರ ಇರಲಿ, ಪಹಣಿಯಲ್ಲಿ ಏನನ್ನೂ ಬರೆಯುವುದು ಬೇಡ. ಬಿತ್ತನೆಗೆ ಮೊದಲೇ ಇದನ್ನು ಗ್ರಾಮಸಭೆಯಲ್ಲಿ ಚರ್ಚೆಗೆ ತರಬೇಕು. ಬೆಳೆ ಹೋದ ಮೇಲೆ ಪಂಚನಾಮೆಗೆ ಬಂದವರಿಗೆ ಬಾತಿನ ಹೆಜ್ಜೆ ತೋರಿಸುವುದು ಹೇಗೆ?

— ಒಬ್ಬ ರೈತ, ಶಿರಹಟ್ಟಿ ತಾಲ್ಲೂಕು