ಎಲೆಯ ಕಷಾಯಕ್ಕೆ ಅಳತೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ಹೃದ್ರೋಗಕ್ಕೆ ಸಸ್ಯಸಾರವೇ ಮದ್ದು ಎನ್ನುವವರು ಪ್ರಮಾಣದ ಮಾತೇ ಎತ್ತುವುದಿಲ್ಲ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಎಲೆಯ ಔಷಧ ಗುಣವನ್ನು ಬರೆದಿಟ್ಟದ್ದು ನಿಜ. ಆದರೆ ಎಲೆಯಿಂದ ಎಲೆಗೆ ಸತ್ವ ಬದಲಾಗುತ್ತದೆ. ಅದೇ ಕುಲದ ಗಿಡದಿಂದ ತೆಗೆದ, ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ 0.125 ಅಥವಾ 0.25 ಮಿಲಿಗ್ರಾಂ. ಹೃದಯ ವೈಫಲ್ಯದಲ್ಲಿ ರಕ್ತದ ಪ್ರತಿ ಮಿಲಿಲೀಟರಿಗೆ 0.5ರಿಂದ 0.9 ನ್ಯಾನೋಗ್ರಾಂ ಡಿಗಾಕ್ಸಿನ್ ಇದ್ದರೆ ಸಾಕು. ಮಿತಿಮೀರಿದರೆ ವಾಂತಿ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು, ಹೃದಯ ಬಡಿತದ ಏರುಪೇರು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಮಾಮೂಲಿ ಪ್ರಮಾಣವೂ ವಿಷವಾದೀತು. ಕೆಮ್ಮಿಗೆಂದು ದಿನವೂ ಜಗಿಯುವ ಜ್ಯೇಷ್ಠಮಧು ಮಾಡುವುದು ಅದನ್ನೇ: ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಕಣಗಿಲೆ ಕಷಾಯವಂತೂ ಬೇಡವೇ ಬೇಡ. ಅದರಲ್ಲಿರುವ ಒಲಿಯಾಂಡ್ರಿನ್ ಎಂಬ ವಿಷವೂ ಡಿಗಾಕ್ಸಿನ್ ಬಳಗದ್ದೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ಬೆಳ್ಳುಳ್ಳಿ ಸಾರದ ಕ್ಯಾಪ್ಸೂಲ್ ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ) ಪರೀಕ್ಷೆ ಮಾಡಿಸಿಕೊಳ್ಳಲಿ.

– ಔಷಧಶಾಸ್ತ್ರದ ಅಧ್ಯಾಪಕರು